ಟಿ-ಕೋಶಕ್ಕೆ ಬೇಕಾದ ಎರಡನೆಯ ಸಂಕೇತ

ರಕ್ತದಲ್ಲಿ ಸುತ್ತುವ ಟಿ-ಕೋಶವೆಂಬ ಬಿಳಿಕಣವು ಶತ್ರುವನ್ನು ಗುರುತಿಸಿದ ಮಾತ್ರಕ್ಕೆ ಅದರ ಮೇಲೆ ಎರಗುವುದಿಲ್ಲ. ಅದರ ಮೈಮೇಲಿನ ಗ್ರಾಹಕವು, ಅಂದರೆ ಹೊರಗಿನ ಅಣುವಿಗೆ ಅಂಟಿಕೊಂಡು ಒಳಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನು, ಪರಕೀಯ ತುಣುಕೊಂದನ್ನು ಹಿಡಿದಾಗ ಮೊದಲ ಸಂಕೇತ ಹೊರಡುತ್ತದೆ. ಜೊತೆಗೆ ಸಹಪ್ರಚೋದಕ ಗ್ರಾಹಕವೆಂಬ ಬೇರೊಂದು ಪ್ರೋಟೀನಿನಿಂದ ಎರಡನೆಯ ಸಂಕೇತವೂ ಬಂದರಷ್ಟೇ ಕೋಶವು ಸಾವಿರಾರಾಗಿ ಹೆಚ್ಚಿ ಕೊಲ್ಲಲು ಅಣಿಯಾಗುತ್ತದೆ, ಬಾರದಿದ್ದರೆ ಜಡವಾಗುತ್ತದೆ. ದೇಹದ ಸ್ವಂತ ಅಂಗಗಳನ್ನು ಕಾಯುವ ಈ ಎಚ್ಚರಿಕೆಯೇ ಕ್ಯಾನ್ಸರಿಗೆ ಅನುಕೂಲವಾಗಿದೆ, ಏಕೆಂದರೆ ಬಹುತೇಕ ಗಡ್ಡೆಗಳ ಕೋಶಗಳು ಎರಡನೆಯ ಸಂಕೇತ ಕೊಡುವ ಅಣುಗಳನ್ನು ಹೊರಗೆ ತೋರಿಸುವುದೇ ಇಲ್ಲ.

ಆ ಸಂಕೇತವನ್ನು ಔಷಧದ ಮೂಲಕ ಇಡೀ ದೇಹಕ್ಕೆ ಕೊಡುವ ಪ್ರಯತ್ನ ದುಬಾರಿಯಾಯಿತು. ಸಿಡಿ28 ಎಂಬ ಸಹಪ್ರಚೋದಕ ಗ್ರಾಹಕವನ್ನು ನೇರವಾಗಿ ಕೆರಳಿಸುವ ಟಿಜಿಎನ್1412 ಪ್ರತಿಕಾಯವನ್ನು 2006ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ 6 ಮಂದಿ ಆರೋಗ್ಯವಂತರಿಗೆ ಚುಚ್ಚಿದಾಗ, ಪ್ರಾಣಿಗಳಿಗೆ ಸುರಕ್ಷಿತವೆನಿಸಿದ್ದ ಪ್ರಮಾಣದ 500ರಲ್ಲಿ ಒಂದು ಪಾಲಷ್ಟೇ ಆಗಿದ್ದರೂ, ಕೆಲವೇ ಗಂಟೆಗಳಲ್ಲಿ ಅವರೆಲ್ಲರ ಅಂಗಾಂಗಗಳು ಸೋಲತೊಡಗಿದವು. ಆರೂ ಜನ ಬದುಕಿದರು. 4-1ಬಿಬಿ ಎಂಬ ಮತ್ತೊಂದು ಗ್ರಾಹಕವನ್ನು ಗುರಿಯಾಗಿಸಿದ ಯುರೆಲುಮ್ಯಾಬ್ ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತಿಗೆ ಹಾನಿ ಮಾಡಿತು, ಪ್ರಮಾಣ ತಗ್ಗಿಸಿದಾಗ ಗುಣವೂ ತಗ್ಗಿತು.

ಸಂಕೇತವನ್ನು ಆರಿಸಿದ ಕೋಶದೊಳಗೇ ಹೊಲಿದಿಡುವ ದಾರಿ ಇದಕ್ಕಿಂತ ಜಾಣತನದ್ದು. ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯದೇ ಟಿ-ಕೋಶಗಳನ್ನು ಹೊರತೆಗೆದು, ಪಳಗಿಸಿದ ವೈರಸ್ಸಿನ ಮೂಲಕ ಕೃತಕ ಗ್ರಾಹಕದ ಜೀನನ್ನು ಅವುಗಳಿಗೆ ಸೇರಿಸಿ, ಬೆಳೆಸಿ, ಮರಳಿ ರಕ್ತಕ್ಕೆ ಬಿಡುತ್ತಾರೆ. ಮೊದಲ ಸಂಕೇತವನ್ನಷ್ಟೇ ಹೊತ್ತಿದ್ದ ಆರಂಭದ ಗ್ರಾಹಕಗಳು ಕೋಶಗಳನ್ನು ಬಹುಕಾಲ ಉಳಿಸಲಿಲ್ಲ. 2004ರಲ್ಲಿ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ಚಿಹಾಯಾ ಇಮಾಯಿ ಮತ್ತು ಡಾರಿಯೊ ಕಂಪಾನಾ ತಂಡವು ಅಂಥ ಗ್ರಾಹಕದ ಕೋಶದೊಳಗಿನ ಬಾಲಕ್ಕೆ 4-1ಬಿಬಿಯ ತುಂಡನ್ನು ಜೋಡಿಸಿತು. ಅದರ ಬದಲು ಸಿಡಿ28ರ ತುಂಡಿರುವ ಕೋಶಗಳು ರಭಸದಿಂದ ಹೆಚ್ಚಿ ಬೇಗ ದಣಿಯುತ್ತವೆ, 4-1ಬಿಬಿ ಉಳ್ಳವು ನಿಧಾನವಾಗಿ ಬೆಳೆದು ಹೆಚ್ಚು ಕಾಲ ಕಾವಲಿರುತ್ತವೆ. ಈ ಚಿಕಿತ್ಸೆ ಗುರಿಯಾಗಿಸುವ ಬಿ-ಕೋಶದ, ಅಂದರೆ ಇನ್ನೊಂದು ಬಗೆಯ ಬಿಳಿಕಣದ, ಕ್ಯಾನ್ಸರ್ ತಿಂಗಳುಗಳ ಮೇಲೆ ಮರಳಬಹುದಾದ್ದರಿಂದ ಈ ಬಾಳಿಕೆ ಸಣ್ಣ ಸಂಗತಿಯಲ್ಲ.

ಬೆಂಗಳೂರಿನ ಇಮ್ಯುನೀಲ್ ಥೆರಪ್ಯೂಟಿಕ್ಸ್ 2025ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕಾರ್ಟೆಮಿ ಎಂಬ ಕಾರ್-ಟಿ ಚಿಕಿತ್ಸೆಯೂ ಇದೇ 4-1ಬಿಬಿಯನ್ನು ಹೊತ್ತಿದೆ. ಅದರ ವಿನ್ಯಾಸ ಬಾರ್ಸಿಲೋನಾದ ಆಸ್ಪತ್ರೆಯೊಂದರಿಂದ ಬಂದಿದ್ದು, ಬಿ-ಕೋಶದ ನಾನ್-ಹಾಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಇರುವ ವಯಸ್ಕರಿಗಾಗಿ ಅದನ್ನು ತಯಾರಿಸುತ್ತಾರೆ. ಮುಂಬೈ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದಲ್ಲಿ ರೂಪುಗೊಂಡು 2023ರಲ್ಲಿ ಒಪ್ಪಿಗೆ ಪಡೆದ ನೆಕ್ಸ್‌ಕಾರ್19 ಸಹ ಇದೇ 4-1ಬಿಬಿ ತುಂಡನ್ನು ಆರಿಸಿಕೊಂಡಿದೆ. ಆದರೆ ಇಂಥ ಚಿಕಿತ್ಸೆ ಪಡೆಯಲು ಸಿರುಗುಪ್ಪ ತಾಲ್ಲೂಕಿನ ರಾರಾವಿಯಂಥ ಊರಿನ ರೋಗಿಯು 300 ಕಿ.ಮೀ.ಗೂ ದೂರದ ಬೆಂಗಳೂರಿಗೆ ಹೋಗಿ, ಕೋಶಗಳು ಸಿದ್ಧವಾಗುವವರೆಗೆ ವಾರಗಟ್ಟಲೆ ಕಾದು, ಹತ್ತಾರು ಲಕ್ಷ ರೂಪಾಯಿ ಹೊಂದಿಸಬೇಕಾಗುತ್ತದೆ. ಇಷ್ಟಾದರೂ ಈ ಎರಡು ಚಿಕಿತ್ಸೆಗಳು ಬಿ-ಕೋಶದ ಕ್ಯಾನ್ಸರುಗಳಿಗಷ್ಟೇ ಸಲ್ಲುತ್ತವೆ, ಬಾಯಿ, ಸ್ತನ, ಗರ್ಭಕಂಠದ ಗಡ್ಡೆಗಳಿಗಲ್ಲ.