ಒಂದು ರಾಗಿ ಕಾಳಿನ ತೂಕಕ್ಕೆ ನಾಲ್ಕು ಕಿಲೋ ಎಲೆ

ಅಂಗಳದ ಮೂಲೆಯಲ್ಲಿ ಯಾರ ಉಪಚಾರವನ್ನೂ ಕೇಳದೆ ವರ್ಷವಿಡೀ ಹೂ ಬಿಡುವ ಕಾಶಿಕಣಗಿಲೆಯನ್ನು ಯಾರೂ ತಕ್ಕಡಿಗೆ ಹಾಕಿ ನೋಡುವುದಿಲ್ಲ. ನೋಡಬೇಕು! ನಿತ್ಯಪುಷ್ಪ ಎಂದೂ ಕರೆಯುವ, ಮಡಗಾಸ್ಕರ್ ಮೂಲದ ಈ ಗಿಡದ ಎಲೆಯಿಂದಲೇ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಬರುವುದು. ಒಂದು ಸಲಕ್ಕೆ ಕೊಡುವ ಪ್ರಮಾಣ ಸಾಮಾನ್ಯವಾಗಿ ಹೆಚ್ಚೆಂದರೆ 2 ಮಿಲಿಗ್ರಾಂ. ಒಂದು ರಾಗಿ ಕಾಳು ಅದಕ್ಕಿಂತ ತುಸು ಭಾರವೇ ಇದ್ದೀತು. ಅಷ್ಟು ಮದ್ದು ಸಿಗಲು ಬೇಕಾಗುವ ಒಣಗಿದ ಎಲೆ ಸುಮಾರು 4 ಕಿಲೋ.

ರಾಗಿ ಕಾಳು ಬಿಡಿ, ಒಂದು ಗ್ರಾಂ ಬೇಕೆನ್ನಿ. 2,000 ಕಿಲೋ ಎಲೆ ತನ್ನಿ! ಐವತ್ತು ಕಿಲೋದ 40 ಮೂಟೆ. ದಸರೆಯ ಚಿನ್ನದ ಅಂಬಾರಿ 750 ಕಿಲೋ ತೂಗುತ್ತದೆ. ಅಂಥ ಎರಡೂವರೆ ಅಂಬಾರಿಗೂ ಮಿಕ್ಕಿದ ಎಲೆಯನ್ನು ಸೋಸಿ ಸೋಸಿ ಕೊನೆಗೆ ಕೈಗೆ ಬರುವುದು ಒಂದು ರೂಪಾಯಿ ನಾಣ್ಯದ ಸುಮಾರು ಕಾಲು ಭಾಗದ ತೂಕ. 20 ಲಕ್ಷಕ್ಕೆ ಒಂದು ಪಾಲು! ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಹೆಚ್ಚುಕಡಿಮೆ 2,400 ಕಿಲೋಮೀಟರ್. ಆ ಇಡೀ ಹಾದಿ ಎಲೆಯಾದರೆ, ಮದ್ದು ಅದರಲ್ಲಿ ಒಂದು ದಾಪುಗಾಲು. ಉಳಿದ ಹಾದಿಯೂ ಖಾಲಿ ಅಲ್ಲ ಅನ್ನಿ. ಈ ಗಿಡದಲ್ಲಿ 130ಕ್ಕೂ ಹೆಚ್ಚು ಬಗೆಯ, ಮದ್ದೂ ವಿಷವೂ ಆಗಬಲ್ಲ ಆಲ್ಕಲಾಯ್ಡ್‌ಗಳು ತುಂಬಿಕೊಂಡಿವೆ. ಆದ್ದರಿಂದ ಹಿತ್ತಿಲಿನ ಎಲೆ ಕಿತ್ತು ಕಷಾಯ ಕಾಯಿಸುವ ಸಾಹಸ ಬೇಡ. ಗಿಡ ವಿಷದ್ದು.

ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಈ ಎಲೆಯಲ್ಲಿ ಹುಡುಕಲು ಹೊರಟದ್ದು ಸಕ್ಕರೆ ಕಾಯಿಲೆಗೆ ಮದ್ದು. ಕಂಡದ್ದು ಇಲಿಗಳ ಬಿಳಿ ರಕ್ತಕಣಗಳು ದಬದಬನೆ ಇಳಿದದ್ದು! ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಬಂತು. ಆ ಕಾಲಕ್ಕೆ ಲ್ಯುಕೇಮಿಯಾ, ಅಂದರೆ ಬಿಳಿ ರಕ್ತಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರ್ ಬಂದ ಹತ್ತು ಮಕ್ಕಳಲ್ಲಿ ಒಂದು ಉಳಿದರೆ ಪುಣ್ಯ. ಇಂದು ಶ್ರೀಮಂತ ದೇಶಗಳಲ್ಲಿ, ಇದನ್ನೂ ಜೊತೆಗೆ ಇತರ ಔಷಧಿಗಳನ್ನೂ ಕೊಟ್ಟು, ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳನ್ನು ಉಳಿಸಿಕೊಳ್ಳುತ್ತಾರೆ.

ಎಲೆಯ ಲೆಕ್ಕಕ್ಕೇ ತಲೆ ತಿರುಗಿದವರು ತೊಗಟೆಯ ಲೆಕ್ಕ ಕೇಳಬೇಕು. 1962ರ ಆಗಸ್ಟ್‌ನಲ್ಲಿ ಆರ್ಥರ್ ಬಾರ್ಕ್ಲೆ ಎಂಬ ಸಸ್ಯವಿಜ್ಞಾನಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಪೆಸಿಫಿಕ್ ಯೂ ಮರದ ತೊಗಟೆ ಸುಲಿದು ತಂದರು. ಮನ್‌ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರಿನಿಂದ ಹೋದ ಮನ್ಸುಖ್ ವಾನಿ 12 ಕಿಲೋ ತೊಗಟೆಯಿಂದ ಪಡೆದ ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಮದ್ದು ಅರ್ಧ ಗ್ರಾಂ. ಮುಂದೆ ಇಳುವರಿ ಹೆಚ್ಚಿದ ಮೇಲೂ ನೂರು ವರ್ಷದ ಒಂದು ಮರದಿಂದ ಸುಮಾರು 3 ಕಿಲೋ ತೊಗಟೆ, ಅದರಿಂದ 300 ಮಿಲಿಗ್ರಾಂ ಮದ್ದು, ಅಂದರೆ ಒಬ್ಬರಿಗೆ ಒಂದು ಸಲಕ್ಕಾಗುವಷ್ಟು! ಅದನ್ನು 3 ಗಂಟೆಯಲ್ಲಿ ಡ್ರಿಪ್ ಹಾಕಿ ಏರಿಸುತ್ತಾರೆಂದುಕೊಳ್ಳಿ. ಹನಿಯುವ ಒಂದೊಂದು ನಿಮಿಷದಲ್ಲೂ ಮರದ ಆಯುಸ್ಸಿನ ಆರೂವರೆ ತಿಂಗಳು ಇಳಿದುಹೋಗುತ್ತದೆ.

ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರ್ ಇರುವ ಎಲ್ಲರಿಗೂ ಈ ಮದ್ದು ಕೊಡಬೇಕಾದರೆ ವರ್ಷಕ್ಕೆ 3,60,000 ಮರ ಉರುಳಬೇಕು ಎಂದು ಆಗ ಅಂದಾಜು ಮಾಡಿದ್ದರು. ಹತ್ತು ಮೀಟರಿಗೆ ಒಂದರಂತೆ ನೆಟ್ಟರೆ 3,600 ಕಿಲೋಮೀಟರ್ ಉದ್ದದ ಸಾಲುಮರ, ಹೆಚ್ಚುಕಮ್ಮಿ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ! ನಮ್ಮ ಸಾಲುಮರದ ತಿಮ್ಮಕ್ಕನವರ ಆಲದ ಮರಗಳು 385. ಅಂಥ 935 ತಿಮ್ಮಕ್ಕಂದಿರು ನೆಟ್ಟು ಬೆಳೆಸುವಷ್ಟನ್ನು ಒಂದೇ ವರ್ಷದಲ್ಲಿ ಕಡಿದು ಮುಗಿಸಬೇಕಿತ್ತು. ಯುರೋಪಿನ ಯೂ ಮರದ ಸೂಜಿಯೆಲೆಯಿಂದ ಅರ್ಧ ದಾರಿಯವರೆಗೆ ತಯಾರಾದ ಅಣುವೇ ಸಿಕ್ಕಿದ್ದರಿಂದ ಮರಗಳು ಬಚಾವಾದವು.

ಇಂಥ ಒಂದು ಮರ ಕಣ್ಣಿಗೆ ಬೀಳಲು ಎಷ್ಟನ್ನು ಜಾಲಾಡಿದರು? ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1960ರಿಂದ 1981ರವರೆಗೆ ಸಾವಿರಾರು ಸಸ್ಯ ಜಾತಿಗಳ 1,14,000 ಸಾರಗಳನ್ನು ಪರೀಕ್ಷಿಸಿತು. ದಿನಕ್ಕೊಂದರಂತೆ ನೋಡುತ್ತ ಬಂದು ಇವತ್ತು ಮುಗಿಸಬೇಕಿದ್ದರೆ, ಟಿಪ್ಪು ಹುಟ್ಟುವುದಕ್ಕೆ ಮೂರು ದಶಕಕ್ಕೂ ಮುಂಚೆಯೇ ಶುರುಮಾಡಬೇಕಿತ್ತು!

ಈಗ ಮತ್ತೆ ಆ ರಾಗಿ ಕಾಳಿಗೆ ಬನ್ನಿ. ಅತಿ ದೊಡ್ಡ ಸಂಖ್ಯೆ ಅಲ್ಲೇ ಅಡಗಿ ಕೂತಿದೆ. 2 ಮಿಲಿಗ್ರಾಂ ವಿನ್‌ಕ್ರಿಸ್ಟಿನ್‌ನಲ್ಲಿರುವ ಅಣುಗಳು 13ರ ಮುಂದೆ 17 ಸೊನ್ನೆ. ಭೂಮಿಯ ಮೇಲಿನ 800 ಕೋಟಿ ಜನರಿಗೂ ಸಮನಾಗಿ ಹಂಚಿದರೆ ತಲೆಗೆ 16 ಕೋಟಿ! ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕೂತರೆ 4,100 ಕೋಟಿ ವರ್ಷ ಬೇಕು. ವಿಶ್ವಕ್ಕೆ ಈಗ ವಯಸ್ಸು ಸುಮಾರು 1,380 ಕೋಟಿ ವರ್ಷ. ಮಹಾಸ್ಫೋಟದ ದಿನವೇ ಎಣಿಕೆ ಶುರುಮಾಡಿದ್ದವರು ಇನ್ನೂ ಮೂರನೇ ಒಂದು ಭಾಗದಲ್ಲೇ ಇರುತ್ತಿದ್ದರು. ವಾರ್ಡಿನ ನರ್ಸಮ್ಮ ಅಷ್ಟನ್ನೂ ಕೆಲವೇ ನಿಮಿಷಗಳಲ್ಲಿ ರಕ್ತನಾಳಕ್ಕೆ ಏರಿಸಿ ಮುಂದಿನ ಮಂಚದತ್ತ ಹೋಗಿರುತ್ತಾರೆ.