ಹಬ್ಬದ ಉಡುಗೊರೆ ಮತ್ತು ಮನೆಯ ಆಯವ್ಯಯ

ಹಬ್ಬ ಹರಿದಿನಗಳಲ್ಲಿ ಉಡುಗೊರೆ ಕೊಡುವುದು ನಮ್ಮ ಭಾಗದಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ನಾಗರ ಪಂಚಮಿಗೆ ಅಣ್ಣನು ತಂಗಿಯನ್ನು ತವರಿಗೆ ಕರೆತರುತ್ತಾನೆ. ಉಂಡಿ ಕಟ್ಟಿ, ಸೀರೆ ಕುಬಸ ಕೊಟ್ಟು, ಉಡಿ ತುಂಬಿ ಕಳಿಸುವುದು ರೂಢಿ. ದಸರೆ ದೀಪಾವಳಿಗಳಿಗೆ ಮಕ್ಕಳಿಗೆ ಹೊಸ ಬಟ್ಟೆ, ಮದುವೆ ತೊಟ್ಟಿಲುಗಳಲ್ಲಿ ಮುಯ್ಯಿ ಆಯೇರಿ ಇದ್ದೇ ಇವೆ. ಇವು ಬಾಂಧವ್ಯವನ್ನು ಬೆಸೆಯುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹಬ್ಬ ಮುಗಿದ ಮೇಲೂ ಅದರ ಸಾಲ ಮನೆಯಲ್ಲಿ ಉಳಿದರೆ ಕೊಟ್ಟವನಿಗೂ ನೆಮ್ಮದಿಯಿಲ್ಲ, ಪಡೆದವಳಿಗೂ ಸಂತೋಷವಿಲ್ಲ.

ಹಬ್ಬದ ಕಾಲ, ಹಣದ ಕಾಲ

ಮಾನ್ವಿ ಹಾಗೂ ರಾಯಚೂರು ಭಾಗದ ಭತ್ತವು ಬಹುಮಟ್ಟಿಗೆ ತುಂಗಭದ್ರಾ ಎಡದಂಡೆ ಕಾಲುವೆಯನ್ನೂ, ದೇವದುರ್ಗದ ನೀರಾವರಿ ಭೂಮಿಯು ನಾರಾಯಣಪುರ ಬಲದಂಡೆ ಕಾಲುವೆಯನ್ನೂ ನಂಬಿಕೊಂಡಿವೆ. ಮುಂಗಾರಿನ ಭತ್ತದ ರಾಶಿ ಮನೆಗೆ ಬರುವುದು ನವೆಂಬರ್ ಡಿಸೆಂಬರಿನಲ್ಲಿ. ಹತ್ತಿ ಬಿಡಿಸುವ ಕೆಲಸ ಅಕ್ಟೋಬರಿನಿಂದ ಜನವರಿಯವರೆಗೆ ನಡೆಯುತ್ತದೆ. ಪಂಚಮಿಯಾದರೋ ಶ್ರಾವಣದಲ್ಲಿ ಬರುವುದು. ಬೀಜ, ಗೊಬ್ಬರ, ಆಳುಗಳ ಕೂಲಿಗೆ ಕೈಯಲ್ಲಿದ್ದುದೆಲ್ಲ ಖರ್ಚಾದ ಸಮಯವದು. ಹೀಗೆ ಅತಿ ದೊಡ್ಡ ಉಡುಗೊರೆಯ ಹಬ್ಬವು ಕೈ ಬರಿದಾದ ತಿಂಗಳಿನಲ್ಲಿಯೇ ಬರುತ್ತದೆ. ಅಂಗಡಿಯ ಉದ್ದರಿಗೂ ಕೈಸಾಲಕ್ಕೂ ಮೂಲ ಕಾರಣವಿದು.

ಮುಂದಿನ ಬೆಳೆಯನ್ನು ನಂಬಿ ಸಾಲ ಮಾಡುವುದೂ ಅಪಾಯಕರ. 2024ರಲ್ಲಿ ನಾಗರ ಪಂಚಮಿ ಆಗಸ್ಟ್ 9ರಂದು ಬಂದಿತ್ತು. ಮರುದಿನ ರಾತ್ರಿಯೇ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟನ್ನು ಕೂಡಿಸಲಾಯಿತಾದರೂ ಆ ಕೆಲವು ದಿನ ಅಚ್ಚುಕಟ್ಟಿನ ರೈತರು ಅನುಭವಿಸಿದ ತಳಮಳ ಎಲ್ಲರಿಗೂ ತಿಳಿದಿದೆ. ಗುಳೆ ಹೋಗಿ ದುಡಿದು ಹಬ್ಬಕ್ಕೆ ಮರಳುವವರ ಸ್ಥಿತಿಯೂ ಭಿನ್ನವಲ್ಲ. ತಿಂಗಳುಗಟ್ಟಲೆ ಕೂಡಿಸಿದ ಕೂಲಿ ಒಂದೇ ಸಂತೆಯಲ್ಲಿ ಕರಗುತ್ತದೆ. ನೌಕರರಿಗೆ ದೊರೆಯುವ ಹಬ್ಬದ ಮುಂಗಡವೂ ಮುಂದಿನ ಸಂಬಳದಿಂದಲೇ ಕಡಿತವಾಗತಕ್ಕದ್ದು.

ಲೆಕ್ಕದ ಒಂದು ಮಾದರಿ

ಒಂದು ಕುಟುಂಬದ ವರ್ಷದ ಉಡುಗೊರೆಯ ವೆಚ್ಚ ಹೀಗಿದೆ ಎಂದು ಭಾವಿಸೋಣ: ಪಂಚಮಿಗೆ 5,000 ರೂಪಾಯಿ, ದಸರೆ ದೀಪಾವಳಿಗೆ 4,000, ಮುಯ್ಯಿ ಮುಂತಾದವುಗಳಿಗೆ 3,000, ಒಟ್ಟು 12,000. ಇಷ್ಟನ್ನೂ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ತಂದು ಆರು ತಿಂಗಳ ನಂತರ ತೀರಿಸಿದರೆ ಬಡ್ಡಿಯೇ 2,160 ರೂಪಾಯಿಯಾಗುತ್ತದೆ. ಅದೇ ಕುಟುಂಬವು ತಿಂಗಳಿಗೆ 1,000 ರೂಪಾಯಿಯಂತೆ ಕೂಡಿಸಿದ್ದರೆ ಬಡ್ಡಿ ಕೊಡುವ ಬದಲು ಪಡೆಯುತ್ತಿತ್ತು. ಒಕ್ಕಲುತನದ ಮನೆಯವರು ರಾಶಿಯ ಹಣ ಬಂದ ಕೂಡಲೇ ಪಂಚಮಿಯ ಪಾಲನ್ನು ತೆಗೆದಿಡುವುದು ಯುಕ್ತ. ಬ್ಯಾಂಕುಗಳಲ್ಲಿ ಆರು ತಿಂಗಳಿನಿಂದಲೇ ಆವರ್ತ ಠೇವಣಿ ಆರಂಭಿಸಬಹುದು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳ ವಾರದ ಉಳಿತಾಯವೂ ಇದಕ್ಕೆ ಒದಗುತ್ತದೆ.

ಕೊಳ್ಳುವಾಗ ಗಮನಿಸತಕ್ಕ ಅಂಶಗಳು

1. ಪೇಟೆಗೆ ಹೋಗುವ ಮೊದಲೇ ಯಾರಿಗೆ, ಏನು, ಎಷ್ಟು ಎಂಬುದನ್ನು ಬರೆದುಕೊಳ್ಳಬೇಕು. ಮುಯ್ಯಿಯ ವಹಿ ಬರೆಯುವ ಹಿರಿಯರ ಪದ್ಧತಿಯನ್ನು ಉಡುಗೊರೆಗೂ ವಿಸ್ತರಿಸಿದರೆ ಸಾಕು.

2. ದೇವದುರ್ಗ, ಮಾನ್ವಿಗಳಿಂದ ರಾಯಚೂರಿಗೆ ಮನೆಮಂದಿಯೆಲ್ಲ ಹೋಗುವುದಾದರೆ ಬಸ್ಸಿನ ಖರ್ಚು, ಊಟ ಉಪಾಹಾರದ ಖರ್ಚುಗಳನ್ನೂ ಸೀರೆಯ ಬೆಲೆಗೆ ಕೂಡಿಸಿ ನೋಡಬೇಕು. ಊರಿನ ಅಂಗಡಿಯಲ್ಲಿಯೇ ಅಗ್ಗವಾಗುವ ಸಂದರ್ಭಗಳುಂಟು.

3. ರಿಯಾಯಿತಿಯ ಫಲಕವನ್ನು ನೋಡಿ ಮರುಳಾಗದೆ, ಅದೇ ವಸ್ತುವಿನ ಬೆಲೆಯನ್ನು ಎರಡು ಮೂರು ಕಡೆ ವಿಚಾರಿಸಬೇಕು. ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

4. ಬಡ್ಡಿಯಿಲ್ಲದ ಕಂತು ಎಂಬ ಮಾತನ್ನು ಪರೀಕ್ಷಿಸಬೇಕು. ಇಂತಹ ಯೋಜನೆಗಳಲ್ಲಿ ಬಡ್ಡಿಯನ್ನು ಶುಲ್ಕದ ರೂಪದಲ್ಲಿ ಮರೆಮಾಡಲಾಗುತ್ತದೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

5. ಬಂಗಾರ ಕೊಳ್ಳುವವರು ಹಾಲ್‌ಮಾರ್ಕ್ ಮುದ್ರೆಯೊಡನೆ ಆರು ಅಕ್ಷರಾಂಕಗಳ ಸಂಕೇತವನ್ನೂ ನೋಡಬೇಕು. 2023ರ ಏಪ್ರಿಲ್ 1ರಿಂದ ಅದಿಲ್ಲದ ಹಾಲ್‌ಮಾರ್ಕ್ ಆಭರಣವನ್ನು ಅಂಗಡಿಯವರು ಮಾರುವಂತಿಲ್ಲ. ರಸೀದಿಯನ್ನು ತಪ್ಪದೆ ಪಡೆಯಬೇಕು. ಮೋಸವಾದಲ್ಲಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು.

ಬನ್ನಿಯ ಪಾಠ

ಹಟ್ಟಿಯ ಚಿನ್ನದ ಗಣಿ ಇರುವುದು ನಮ್ಮ ಜಿಲ್ಲೆಯಲ್ಲಿಯೇ. ಆದರೂ ವಿಜಯದಶಮಿಯಂದು ನಮ್ಮ ಜನ ಪರಸ್ಪರ ಕೊಟ್ಟುಕೊಳ್ಳುವ ಬಂಗಾರವೆಂದರೆ ಬನ್ನಿಯ ಎಲೆ. ಸಿರಿವಂತನೂ ಬಡವನೂ ಅದೇ ಎಲೆಯನ್ನು ಕೊಟ್ಟು, ಬಂಗಾರದಂತೆ ಇರೋಣವೆಂದು ಹಾರೈಸುತ್ತಾರೆ. ಕಿರಿಯರು ಹಿರಿಯರ ಕಾಲಿಗೆರಗುತ್ತಾರೆ. ಉಡುಗೊರೆಯ ತೂಕವು ಬೆಲೆಯಲ್ಲಿಲ್ಲವೆಂಬುದನ್ನು ಹಿರಿಯರು ಇದಕ್ಕಿಂತ ಸುಲಭವಾಗಿ ಹೇಳಲಾರರು.

ಶಿಕ್ಷಕರು ಗಣಿತದ ಪಾಠದಲ್ಲಿ ಮಕ್ಕಳಿಂದ ತಮ್ಮ ಮನೆಯ ಹಬ್ಬದ ಲೆಕ್ಕವನ್ನು ಬರೆಯಿಸಿದರೆ ಸರಳಬಡ್ಡಿಯ ಸೂತ್ರಕ್ಕೆ ಜೀವ ಬಂದೀತು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಹಬ್ಬದ ವೆಚ್ಚದಲ್ಲಿ ಉಳಿಸಿದ ಅಲ್ಪಾಂಶದಿಂದ ಒಬ್ಬ ಬಡ ವಿದ್ಯಾರ್ಥಿಗೆ ಪುಸ್ತಕ ಕೊಡಿಸಿದರೆ ಅದೂ ಹಬ್ಬದ ಉಡುಗೊರೆಯೇ. ಸಾಲವಿಲ್ಲದ ತವರಿನಿಂದ ಬಂದ ಸಾದಾ ಕುಬಸವನ್ನು ಮಗಳು ಹೆಚ್ಚು ಹೆಮ್ಮೆಯಿಂದ ಉಡುವಳೆಂಬುದನ್ನು ನಾವೆಲ್ಲರೂ ನೆನಪಿನಲ್ಲಿಡಬೇಕು.