ರೆಕ್ಕೆಯಿಲ್ಲದ ಕಾರಿನ ಶಾಲೆ

ಮೆರ್ಲಿನ್ ಎಂಬ ಸಣ್ಣ ಇಂಗ್ಲಿಷ್ ಕಂಪನಿಯ ಒಂದು ರೇಸ್ ಕಾರಿಗೆ 'ಮ್ಯಾಜಿಕ್ ಮೆರ್ಲಿನ್' ಎಂದೇ ಹೆಸರು ಬಿದ್ದಿದೆ. 1969ರಲ್ಲಿ ಅದನ್ನು ಓಡಿಸಿದವರು ಬ್ರೆಜಿಲ್‌ನಿಂದ ಆಗಷ್ಟೇ ಇಂಗ್ಲೆಂಡಿಗೆ ಬಂದಿಳಿದಿದ್ದ, 22 ವರ್ಷದ ಎಮರ್ಸನ್ ಫಿಟ್ಟಿಪಾಲ್ಡಿ. ಒಂದೆರಡು ಕೈ ದಾಟಿ 1971ರಲ್ಲಿ ಅದೇ ಕಾರು ದಕ್ಷಿಣ ಆಫ್ರಿಕಾದ ಜೋಡಿ ಶೆಕ್ಟರ್ ಪಾಲಾಯಿತು. ಫಿಟ್ಟಿಪಾಲ್ಡಿ 1972 ಮತ್ತು 1974ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು, ಶೆಕ್ಟರ್ 1979ರಲ್ಲಿ. ಇಷ್ಟಾಗಿ ಆ ಕಾರಿನ ಬೆನ್ನಿಗಿದ್ದ ಎಂಜಿನ್ ಎಂಥದ್ದು ಅಂದಿರಿ? ಇಂಗ್ಲೆಂಡಿನ ಗುಮಾಸ್ತರು, ಮೇಷ್ಟ್ರುಗಳು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಮುದ್ರ ತೀರಕ್ಕೆ ಹೋಗುತ್ತಿದ್ದ ಫೋರ್ಡ್ ಕಾರ್ಟಿನಾದ ವಂಶದ್ದು.

ಆ ಕಾರು ಓಡುತ್ತಿದ್ದ ರೇಸಿನ ಹೆಸರು ಫಾರ್ಮುಲಾ ಫೋರ್ಡ್. ಚಕ್ರಗಳು ಹೊರಗೇ ಕಾಣುವ, ಒಬ್ಬರೇ ಕೂರುವ ರೇಸ್ ಕಾರಿಗೆ ಮೊದಲ ಸಲ ಹತ್ತುವ ಹುಡುಗ ಹುಡುಗಿಯರಿಗಾಗಿ ಇಂದು ಹತ್ತಾರು ದೇಶಗಳಲ್ಲಿ ಪ್ರವೇಶ ಮಟ್ಟದ ಸರಣಿಗಳಿವೆ. ಅವಕ್ಕೆಲ್ಲ ಒಬ್ಬ ಅಜ್ಜನನ್ನು ಹುಡುಕುವುದಾದರೆ ಇದೇ. ಟಿವಿಯಲ್ಲಿ ಫಾರ್ಮುಲಾ ಒನ್ ನೋಡುವ ನಮ್ಮವರಿಗೆ ಮೊನಾಕೋ, ಫೆರಾರಿ ಎಲ್ಲ ಗೊತ್ತು. ಅಲ್ಲಿಗೆ ಹೋಗುವವರು ಅಕ್ಷರಾಭ್ಯಾಸ ಮಾಡಿದ್ದೆಲ್ಲಿ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಇದು ಹುಟ್ಟಿದ್ದು ಕಾಸಿಲ್ಲದ ಪೇಚಾಟದಲ್ಲಿ. 1960ರ ದಶಕದ ಆರಂಭದ ಹೊತ್ತಿಗೆ ಇಂಗ್ಲೆಂಡಿನಲ್ಲಿ ರೇಸ್ ಚಾಲನೆ ಕಲಿಸುವ ಶಾಲೆಗಳು ಹುಟ್ಟಿಕೊಂಡಿದ್ದವು. ಜಿಮ್ ರಸೆಲ್ ಅವರದೊಂದು, ಜೆಫ್ ಕ್ಲಾರ್ಕ್ ಅವರ 'ಮೋಟರ್ ರೇಸಿಂಗ್ ಸ್ಟೇಬಲ್ಸ್' ಇನ್ನೊಂದು. ಅಲ್ಲಿ ಕಲಿಯಲು ಕೊಡುತ್ತಿದ್ದುದು ಅಸಲಿ ರೇಸ್ ಕಾರುಗಳನ್ನೇ. ಹೊಸಬರು ಗೇರ್ ತಪ್ಪಿಸಿ ಎಂಜಿನ್ ಸುಟ್ಟುಹಾಕುತ್ತಿದ್ದರು, ದುಬಾರಿ ಟೈರುಗಳನ್ನು ಬ್ರೇಕ್ ಒತ್ತಿ ಒತ್ತಿ ಸವೆಸುತ್ತಿದ್ದರು. ಕ್ಲಾರ್ಕ್ ಒಂದು ಕಾರಿಗೆ ಕಾರ್ಟಿನಾದ 1,500 ಸಿಸಿ ಎಂಜಿನ್ ಇಟ್ಟು, ರಸ್ತೆಯ ಕಾರಿನ ಟೈರ್ ತೊಡಿಸಿ ನೋಡಿದರು. ಎಂಜಿನ್ ಎಷ್ಟು ಹಿಂಸೆ ಕೊಟ್ಟರೂ ಜಪ್ಪಯ್ಯ ಅನ್ನಲಿಲ್ಲ. ಬ್ರಾಂಡ್ಸ್ ಹ್ಯಾಚ್ ಟ್ರ್ಯಾಕಿನ ಉಸ್ತುವಾರಿ ಹೊತ್ತಿದ್ದ ಜಾನ್ ವೆಬ್ ಕಿವಿಗೆ ಇದು ಬಿತ್ತು. ಶಾಲೆಯ ಈ ಕಾರನ್ನೇ ಯಾಕೆ ಒಂದು ರೇಸಿನ ವರ್ಗ ಮಾಡಬಾರದು ಎಂಬ ಮಾತು ಫೋರ್ಡ್ ಕಂಪನಿಯವರೆಗೆ ಹೋಯಿತು. 1967ರ ಜುಲೈ 2ರಂದು ಬ್ರಾಂಡ್ಸ್ ಹ್ಯಾಚ್‌ನಲ್ಲಿ ಮೊದಲ ರೇಸ್ ನಡೆಯಿತು. ಗೆದ್ದವರು ರೇ ಅಲೆನ್, ಓಡಿಸಿದ್ದು ಲೋಟಸ್ 51. ಇಡೀ ಕಾರಿನ ಬೆಲೆ 1,000 ಪೌಂಡ್ ಮೀರಬಾರದು ಎಂಬುದು ಆರಂಭದ ಕರಾರು. ಅಂದರೆ ಮಧ್ಯಮ ವರ್ಗದವರು ಮನೆಗೆ ಕೊಳ್ಳುವ ಕಾರಿಗಿಂತ ತುಸು ಹೆಚ್ಚು.

ನಿಯಮಗಳು ಸರಳ. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚಾಸಿ. ಎಲ್ಲರಿಗೂ ಒಂದೇ ಎಂಜಿನ್, ಸ್ವಲ್ಪ ಕಾಲದಲ್ಲೇ 1,600 ಸಿಸಿಯ 'ಕೆಂಟ್' ಎಂಜಿನ್ ಬಂದು ಅದೇ ಕಾಯಂ ಆಯಿತು. ನೂರು ಚಿಲ್ಲರೆ ಅಶ್ವಶಕ್ತಿ. ಮಳೆಗೂ ಬಿಸಿಲಿಗೂ ಒಂದೇ, ಗೀರುಗಳುಳ್ಳ ಟೈರ್. ಮುಖ್ಯವಾಗಿ, ರೆಕ್ಕೆ ಇಲ್ಲ. ಇಂದಿನ ರೇಸ್ ಕಾರುಗಳ ಮೂತಿಯಲ್ಲೂ ಬಾಲದಲ್ಲೂ ಇರುವ ರೆಕ್ಕೆಗಳು ಗಾಳಿಯನ್ನು ಬಳಸಿಕೊಂಡು ಕಾರನ್ನು ನೆಲಕ್ಕೆ ಅದುಮುತ್ತವೆ. ತಿರುವಿನಲ್ಲಿ ಜಾರದೆ ಹೋಗಲು ಅದೇ ಆಧಾರ. ಫಾರ್ಮುಲಾ ಫೋರ್ಡ್ ಕಾರಿಗೆ ಆ ಭಾಗ್ಯವಿಲ್ಲ. ನೆಲ ಹಿಡಿಯಲು ಇರುವುದು ನಾಲ್ಕು ಸಣಕಲು ಟೈರ್ ಮತ್ತು ಓಡಿಸುವವರ ಅಂದಾಜು ಮಾತ್ರ. ಹಾಗೆಂದು ಇದು ಆಟಿಕೆಯಲ್ಲ, ನೇರ ಹಾದಿಯಲ್ಲಿ ಗಂಟೆಗೆ 200 ಕಿ.ಮೀ. ದಾಟುತ್ತದೆ.

ಈ ಕಾರನ್ನು ಓಡಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಾಲಕ ಕೂರುವುದಲ್ಲ, ಹೆಚ್ಚುಕಡಿಮೆ ಅಂಗಾತ ಮಲಗುತ್ತಾನೆ. ನೆಲ ಬೆನ್ನಿಗೆ ಕೆಲವೇ ಅಂಗುಲ ಕೆಳಗೆ. ಮುಂದಿನ ಎರಡು ಟೈರುಗಳು ಕಣ್ಣೆದುರೇ ಉರುಳುತ್ತಿರುತ್ತವೆ. ಬಲಗೈ ಪಕ್ಕದಲ್ಲಿ ಬೆರಳುದ್ದದ ಗೇರ್ ಕಡ್ಡಿ. ಮಣಿಕಟ್ಟು ಒಂಚೂರು ತಿರುಗಿಸಿದರೆ ಗೇರ್ ಬದಲು. ನಾಲ್ಕನೇ ಗೇರಿನಲ್ಲಿ ಬಂದು ಎರಡಕ್ಕೆ ಇಳಿಸಬೇಕಾದ ತಿರುವು ಎದುರಾಯಿತು ಅನ್ನಿ. ಬಲಗಾಲಿನ ಮುಂಭಾಗ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದಿರಬೇಕು. ಎಡಗಾಲು ಕ್ಲಚ್ ತುಳಿದ ಆ ಗಳಿಗೆಯಲ್ಲೇ ಬಲಪಾದದ ಅಂಚನ್ನು ಹೊರಳಿಸಿ ಆಕ್ಸಿಲರೇಟರಿಗೆ ಒಂದು ಏಟು ಕೊಡಬೇಕು. ಆಗ ಎಂಜಿನ್ನಿನ ವೇಗವೂ ಕೆಳಗಿನ ಗೇರಿನ ವೇಗವೂ ಕೂಡಿಕೊಂಡು ಗೇರ್ ಬೆಣ್ಣೆಯಂತೆ ಇಳಿಯುತ್ತದೆ. ಏಟು ಕಮ್ಮಿಯಾದರೆ ಹಿಂದಿನ ಚಕ್ರಗಳು ಒಂದು ಕ್ಷಣ ಕಚ್ಚಿಕೊಂಡು ಕಾರು ಗಿರಕಿ ಹೊಡೆಯುತ್ತದೆ. ಈ ನಡುವೆ ಬ್ರೇಕಿನ ಮೇಲಿನ ಒತ್ತಡ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದು, ಕೈಗಳು ಕಾರನ್ನು ತಿರುವಿಗೆ ಹೊರಳಿಸಲು ಶುರು ಮಾಡಿರಬೇಕು. ಸುತ್ತೊಂದಕ್ಕೆ ಹೀಗೆ ಮೂರು ನಾಲ್ಕು ಸಲ, ಮುಂದೆ, ಹಿಂದೆ, ಪಕ್ಕದಲ್ಲಿ ಇನ್ನೂ ನಾಲ್ಕು ಕಾರುಗಳನ್ನು ಇಟ್ಟುಕೊಂಡು.

ಸ್ಟೀರಿಂಗ್ ಹಿಂದಿನ ಪಟ್ಟಿಯನ್ನು ಬೆರಳಲ್ಲಿ ಒತ್ತಿ ಗೇರ್ ಬದಲಿಸುವ ಈಗಿನ ಕಾರುಗಳಲ್ಲಿ ಈ ಕಷ್ಟವಿಲ್ಲ. ಕಲಿಯುವವರಿಗೆ ಅದು ಲಾಭವೋ ನಷ್ಟವೋ ಎಂಬ ವಾದ ಇಂಗ್ಲೆಂಡಿನ ರೇಸ್ ಪ್ಯಾಡಕ್‌ಗಳಲ್ಲಿ ಇಂದಿಗೂ ಮುಗಿದಿಲ್ಲ. ನಷ್ಟವೆನ್ನುವವರ ಕಡೆಗೇ ನನ್ನ ವೋಟು.

ರೆಕ್ಕೆ ಇಲ್ಲದ್ದರಿಂದ ಇನ್ನೊಂದು ಬೆಡಗು. ಲಾರಿಯ ಬೆನ್ನಿಗೆ ಅಂಟಿಕೊಂಡು ಸೈಕಲ್ ತುಳಿದವರಿಗೆ ಗೊತ್ತು, ಎದುರುಗಾಳಿಯನ್ನೆಲ್ಲ ಲಾರಿಯೇ ತಿನ್ನುತ್ತದೆ, ಸೈಕಲ್ ತಾನಾಗಿ ಎಳೆದುಕೊಂಡು ಹೋಗುತ್ತದೆ. ರೆಕ್ಕೆಯಿರುವ ಕಾರು ಇನ್ನೊಂದರ ಬೆನ್ನಿಗೆ ಹೋದರೆ ಕಲಕಿದ ಗಾಳಿಯಲ್ಲಿ ಅದರ ರೆಕ್ಕೆ ಕೆಲಸ ಮಾಡದೆ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಹಾಗಾಗಿ ಅಂತರ ಕಾಯಲೇಬೇಕು. ಫಾರ್ಮುಲಾ ಫೋರ್ಡಿಗೆ ಕಳೆದುಕೊಳ್ಳಲು ರೆಕ್ಕೆಯೇ ಇಲ್ಲ. ಆರೇಳು ಕಾರು ಒಂದರ ಬಾಲಕ್ಕೊಂದು ಮೂಗು ತಾಗಿಸಿ ಹೊರಟು, ನೇರ ಹಾದಿಯ ಕೊನೆಯಲ್ಲಿ ಒಮ್ಮೆಲೇ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಕೊನೆಯ ಸುತ್ತಿನಲ್ಲಿ ಮುಂದಿರುವುದು ಅದೃಷ್ಟವೋ ದುರದೃಷ್ಟವೋ ಹೇಳಲಾಗದು, ಬೆನ್ನಿಗಿದ್ದವನು ಗೆರೆಗೆ ಹತ್ತು ಮಾರು ಇರುವಾಗ ಪಕ್ಕಕ್ಕೆ ಸರಿದು ಹಾರಿಬಿಡಬಹುದು. ಯಾವಾಗ ಮುಂದೆ ಹೋಗಬೇಕು, ಯಾವಾಗ ಬೇಕೆಂದೇ ಹಿಂದೆ ಉಳಿಯಬೇಕು ಎಂಬ ಲೆಕ್ಕಾಚಾರ ಇಲ್ಲಿ ಮೈಗೂಡುತ್ತಿತ್ತು.

ಇಲ್ಲಿ ಪಳಗಿದವರ ಕಥೆಗಳಲ್ಲಿ ವೇಗದಷ್ಟೇ ಸಾಲದ ಮಾತೂ ಬರುತ್ತದೆ. ಜೇಮ್ಸ್ ಹಂಟ್ 1968ರಲ್ಲಿ ಕಂತಿನ ಮೇಲೆ ಕಾರು ಕೊಂಡರು. ಔಲ್ಟನ್ ಪಾರ್ಕ್‌ನಲ್ಲಿ ಆ ಕಾರು ಹಾರಿ ಕೆರೆಗೆ ಬಿತ್ತು. ಸೀಟ್ ಬೆಲ್ಟ್ ಕೊಳ್ಳುವುದಕ್ಕೂ ದುಡ್ಡಿಲ್ಲದ್ದರಿಂದ ಕಟ್ಟಿಕೊಂಡಿರಲಿಲ್ಲ, ಹಾಗಾಗಿ ಮುಳುಗದೆ ಉಳಿದರು. ನೈಜೆಲ್ ಮ್ಯಾನ್ಸೆಲ್ 1977ರಲ್ಲಿ ಎಂಜಿನಿಯರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ತಿ ರೇಸಿಗಿಳಿದ ಕೆಲವೇ ವಾರಗಳಲ್ಲಿ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಕತ್ತಿನ ಮೂಳೆ ಮುರಿದುಕೊಂಡರು. ವೈದ್ಯರ ಮಾತು ಮೀರಿ ಆಸ್ಪತ್ರೆಯಿಂದ ಹೊರಬಂದು ಆ ವರ್ಷ 42 ರೇಸುಗಳಲ್ಲಿ 33 ಗೆದ್ದು ಚಾಂಪಿಯನ್ ಆದರು. ಹಂಟ್‌ಗೆ 1976ರಲ್ಲಿ, ಮ್ಯಾನ್ಸೆಲ್‌ಗೆ 1992ರಲ್ಲಿ ಫಾರ್ಮುಲಾ ಒನ್ ಕಿರೀಟ ಸಿಕ್ಕಿತು. ಬ್ರೆಜಿಲ್‌ನ ಅಯರ್ಟನ್ ಸೆನ್ನಾ 1981ರಲ್ಲಿ ನಾರ್ಫಕ್‌ನ ವಾನ್ ಡೀಮನ್ ಕಾರ್ಖಾನೆಯ ತಂಡಕ್ಕೆ ಬಂದರು. ಆ ಕಾರ್ಖಾನೆಯ ಯಜಮಾನ ರಾಲ್ಫ್ ಫರ್ಮನ್. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ. ಸೆನ್ನಾ ಆ ವರ್ಷ ಎರಡು ಚಾಂಪಿಯನ್‌ಷಿಪ್ ಗೆದ್ದು, ಇನ್ನು ಸಾಕು, ಮನೆಯ ವ್ಯವಹಾರ ನೋಡಿಕೊಳ್ಳುತ್ತೇನೆಂದು ಬ್ರೆಜಿಲ್‌ಗೆ ಹೊರಟೇಬಿಟ್ಟಿದ್ದರು. ಮರುವರ್ಷ ಮನಸ್ಸು ಬದಲಿಸಿ ಬಂದರು.

ಪ್ರತಿ ವರ್ಷ ಋತು ಮುಗಿಯುವ ಹೊತ್ತಿಗೆ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಫಾರ್ಮುಲಾ ಫೋರ್ಡ್ ಫೆಸ್ಟಿವಲ್ ನಡೆಯುತ್ತದೆ, ಒಂಥರಾ ಜಾತ್ರೆ. ಉಚ್ಛ್ರಾಯ ಕಾಲದಲ್ಲಿ ಲೋಕದ ನಾನಾ ಕಡೆಯಿಂದ ನೂರಕ್ಕೂ ಹೆಚ್ಚು ಕಾರು ಸೇರುತ್ತಿದ್ದವು. ಹೀಟ್, ಸೆಮಿಫೈನಲ್, ಫೈನಲ್ ಎಂದು ನಮ್ಮ ಕಬಡ್ಡಿ ಪಂದ್ಯಾವಳಿಯ ರೀತಿಯಲ್ಲೇ ಜರಡಿ ಹಿಡಿಯುತ್ತಾರೆ. 1985ರಲ್ಲಿ ಜಾನಿ ಹರ್ಬರ್ಟ್ ಅಭ್ಯಾಸದಲ್ಲಿ ಕಾರು ಜಖಂ ಮಾಡಿಕೊಂಡು ಹೀಟ್‌ನಲ್ಲಿ ಕಟ್ಟಕಡೆಯಿಂದ ಹೊರಟರೂ ಫೈನಲ್ ಗೆದ್ದರು. ಮಾರ್ಕ್ ವೆಬ್ಬರ್ 1996ರಲ್ಲಿ, ಜೆನ್ಸನ್ ಬಟನ್ 1998ರಲ್ಲಿ ಗೆದ್ದಾಗ ಫಾರ್ಮುಲಾ ಒನ್ ತಂಡಗಳ ಕಣ್ಣು ಇತ್ತಲೇ ಇರುತ್ತಿತ್ತು.

ಆಮೇಲೆ ಫೋರ್ಡ್‌ಗೆ ತನ್ನ ಹೊಸ ಎಂಜಿನ್ನುಗಳನ್ನು ಮೆರೆಸಬೇಕಿತ್ತು. ಜೀಟೆಕ್, ಡ್ಯುರಾಟೆಕ್, ಇಕೋಬೂಸ್ಟ್ ಒಂದರ ಹಿಂದೊಂದು ಬಂದವು. 2013ರಲ್ಲಿ ಬ್ರಿಟಿಷ್ ಚಾಂಪಿಯನ್‌ಷಿಪ್‌ನ ಕಾರಿಗೆ ರೆಕ್ಕೆಯನ್ನೂ ಕಟ್ಟಿದರು. ನೋಡಲು ಚಂದವಿತ್ತು, ಆದರೆ ಇದ್ದ ಒಂದೇ ವಿಶೇಷವನ್ನು ಕೈಯಾರೆ ಕಳೆದುಕೊಂಡಂತಾಯಿತು. ಮರುವರ್ಷಕ್ಕೆ ಆ ಚಾಂಪಿಯನ್‌ಷಿಪ್ಪೇ ಮುಗಿಯಿತು. ಅಷ್ಟರಲ್ಲಿ ಮೋಟರ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ತನ್ನದೇ 'ಫಾರ್ಮುಲಾ 4' ತಂದಿತ್ತು. 2014ರಲ್ಲಿ ಇಟಲಿಯಲ್ಲಿ ಮೊದಲ ಸರಣಿ, ಲಾನ್ಸ್ ಸ್ಟ್ರೋಲ್ ಮೊದಲ ಚಾಂಪಿಯನ್. 2015ರಲ್ಲಿ ಬ್ರಿಟನ್ನಿನ ಸರಣಿ ಗೆದ್ದ ಹುಡುಗ ಲ್ಯಾಂಡೊ ನಾರಿಸ್. 15 ತುಂಬಿದವರು ಓಡಿಸಬಹುದು. ಕಾರ್ಬನ್ ಫೈಬರ್ ಒಡಲು, ರೆಕ್ಕೆ, ಈಚಿನ ಕಾರುಗಳಲ್ಲಿ ತಲೆ ಕಾಯುವ ಹ್ಯಾಲೊ. ಉಕ್ಕಿನ ಕೊಳವೆಯ ಕಾರಿಗಿಂತ ಇದು ಎಷ್ಟೋ ಸುರಕ್ಷಿತ, ಅದರಲ್ಲಿ ಎರಡು ಮಾತಿಲ್ಲ. ಹೆತ್ತವರು ಇದನ್ನೇ ಬಯಸುವುದು ಸಹಜ. ಆದರೆ ಯುರೋಪಿನಲ್ಲಿ ಒಂದು ಒಳ್ಳೆಯ ತಂಡದಲ್ಲಿ ಒಂದು ವರ್ಷ ಓಡಿಸಲು ಕೋಟಿಗಳ ಲೆಕ್ಕದಲ್ಲೇ ಮಾತು. ಕಂತಿನ ಮೇಲೆ ಕಾರು ಕೊಂಡು ಬರುವ ಹಂಟ್‌ನಂಥವರಿಗೆ ಆ ಬಾಗಿಲು ಮುಚ್ಚಿದೆ.

ಭಾರತಕ್ಕೆ ಈ ವಿದ್ಯೆ ಬಂದ ದಾರಿಯೂ ಇಂಥದ್ದೇ. ಕೊಯಮತ್ತೂರಿನ ಲಕ್ಷ್ಮಿ ಮಿಲ್ಸ್ ಮನೆತನದ ಎಸ್. ಕರಿವರ್ಧನ್ ಸ್ವತಃ ರೇಸ್ ಓಡಿಸುತ್ತಿದ್ದವರು. ವಿದೇಶಿ ಕಾರು ತರಿಸುವುದು ನಮ್ಮ ಹುಡುಗರ ಕೈಲಾಗದ ಕೆಲಸವೆಂದು ಕಂಡು, ಆಗ ಊರೂರಿಗೂ ಬರತೊಡಗಿದ್ದ ಮಾರುತಿ 800ರ ಎಂಜಿನ್ ತೆಗೆದು ಒಂಟಿ ಸೀಟಿನ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ಕಾರ್ಟಿನಾ ಇಂಗ್ಲೆಂಡಿನಲ್ಲಿ ಮಾಡಿದ್ದನ್ನು 796 ಸಿಸಿಯ ಮಾರುತಿ ಇಲ್ಲಿ ಮಾಡಿತು. ಅದೇ ಊರಿನ ನಾರಾಯಣ್ ಕಾರ್ತಿಕೇಯನ್ ಈ ಕಾರಿನಲ್ಲಿ ಪಳಗಿ ಇಂಗ್ಲೆಂಡಿಗೆ ಹೋದರು. 1994ರಲ್ಲಿ ಬ್ರಿಟಿಷ್ ಫಾರ್ಮುಲಾ ಫೋರ್ಡ್ ಚಳಿಗಾಲದ ಸರಣಿ ಗೆದ್ದು, ಯುರೋಪಿನಲ್ಲಿ ಚಾಂಪಿಯನ್‌ಷಿಪ್ ಗೆದ್ದ ಮೊದಲ ಭಾರತೀಯ ಎನಿಸಿದರು. 2005ರಲ್ಲಿ ಜೋರ್ಡನ್ ತಂಡದಿಂದ ಫಾರ್ಮುಲಾ ಒನ್ ಓಡಿಸಿದರು. ಚೆನ್ನೈನ ಕರುಣ್ ಚಂದೋಕ್ 2000ದಲ್ಲಿ ಫಾರ್ಮುಲಾ ಮಾರುತಿಯ 10 ರೇಸುಗಳಲ್ಲಿ 7 ಗೆದ್ದು ಹತ್ತು ವರ್ಷಕ್ಕೆ ಫಾರ್ಮುಲಾ ಒನ್ ತಲುಪಿದರು. ಇವರಿಬ್ಬರೂ ಫಾರ್ಮುಲಾ ಒನ್ ತಲುಪಿದ್ದನ್ನು ನೋಡಲು ಕರಿವರ್ಧನ್ ಇರಲಿಲ್ಲ, ಅಷ್ಟರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟರ್ ಸ್ಪೀಡ್‌ವೇಗೆ ಅವರದೇ ಹೆಸರು.

ಕರ್ನಾಟಕದಲ್ಲಿ ರ‍್ಯಾಲಿಗೆ ಹಳೆಯ ಪರಂಪರೆಯಿದೆ, ಬೆಂಗಳೂರಿನಲ್ಲಿ ಗೋ ಕಾರ್ಟ್ ಟ್ರ್ಯಾಕುಗಳಿವೆ, ಆದರೆ ಪೂರ್ಣ ಪ್ರಮಾಣದ ಕಾರ್ ರೇಸ್ ಟ್ರ್ಯಾಕ್ ಇಲ್ಲ. ಇಲ್ಲಿಯ ಮಕ್ಕಳು ಕಾರ್ಟಿಂಗ್ ದಾಟಿದ ಮೇಲೆ ಚೆನ್ನೈಗೋ ಕೊಯಮತ್ತೂರಿಗೋ ಗಂಟುಮೂಟೆ ಕಟ್ಟಬೇಕು. ಹಾಗೆ ಊರು ಬಿಟ್ಟು ಹೆಸರು ಮಾಡಿದವರು ಬೆಂಗಳೂರಿನ ಮೈನಿ ಸಹೋದರರು. ಅಣ್ಣ ಅರ್ಜುನ್ 2014ರಲ್ಲಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4 ಸರಣಿಯಲ್ಲಿ ಕೊನೆಯ ರೇಸಿನವರೆಗೂ ಪ್ರಶಸ್ತಿಗೆ ಸೆಣಸಿ ಎರಡನೆಯವರಾದರು. ಮೊದಲು ಬಂದವರು ಜಾರ್ಜ್ ರಸೆಲ್, ಈಗ ಫಾರ್ಮುಲಾ ಒನ್‌ನಲ್ಲಿ ರೇಸ್ ಗೆಲ್ಲುತ್ತಿರುವವರು. ಆ ಸರಣಿ ಎಫ್‌ಐಎಯದಲ್ಲ. ಅದಕ್ಕೆ ಉಕ್ಕಿನ ಕೊಳವೆಯ ಚಾಸಿ, ಫೋರ್ಡ್ ಎಂಜಿನ್. ಕಾರು ಕಟ್ಟಿದ್ದು ಅದೇ ರಾಲ್ಫ್ ಫರ್ಮನ್. ತಮ್ಮ ಕುಶ್ ಇಟಲಿಯ ಫಾರ್ಮುಲಾ 4ರಿಂದ ಹೊರಟು ಫಾರ್ಮುಲಾ 2 ಮುಟ್ಟಿ, 2025ರಲ್ಲಿ ಮೊನಾಕೋದ ಸ್ಪ್ರಿಂಟ್ ರೇಸ್ ಗೆದ್ದರು.

2023ರಿಂದ ಎಫ್‌ಐಎ ಮಾನ್ಯತೆಯ ಫಾರ್ಮುಲಾ 4 ಭಾರತದಲ್ಲೂ ನಡೆಯುತ್ತಿದೆ. 2024ರಲ್ಲಿ ಚೆನ್ನೈನ ಬೀದಿಯಲ್ಲೇ ರಾತ್ರಿ ರೇಸ್ ನಡೆದು ಜನ ಮುಗಿಬಿದ್ದು ನೋಡಿದರು. ಅದರ ಥಳಕಿನ ಮುಂದೆ ಕೊಯಮತ್ತೂರಿನ ಫಾರ್ಮುಲಾ ಎಲ್‌ಜಿಬಿ ಸುದ್ದಿಯಾಗುವುದು ಕಡಿಮೆ. ಫಾರ್ಮುಲಾ ಮಾರುತಿಯ ಜಾಗ ತುಂಬಿದ ಸರಣಿ ಇದು. ಚಾಸಿ ಇಲ್ಲಿಯದೇ, ಎಂಜಿನ್ ಮಾರುತಿಯ 1,300 ಸಿಸಿಯದು, ಹೊಸಬರಿಗೆಂದೇ ನೊವೀಸ್ ಕಪ್ ಇದೆ. ಮಗನೋ ಮಗಳೋ ಕಾರ್ಟಿಂಗ್‌ನಲ್ಲಿ ಚುರುಕು ಎಂದು ಗೊತ್ತಾದ ಕೂಡಲೇ ಸೈಟು ಮಾರಿ ಯುರೋಪಿಗೆ ಕಳಿಸಲು ಹೊರಡುವ ತಂದೆತಾಯಿಯರು, ಅದಕ್ಕೂ ಮುಂಚೆ ಒಂದು ವರ್ಷ ಚೆಟ್ಟಿಪಾಳಯಂನಲ್ಲಿ ಓಡಿಸಿ ನೋಡಲಿ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಕೊಯಮತ್ತೂರು.